ಐಇಸಿ 3.2 ಬಂತೇ? ಮೊದಲು ಇನ್ನೊಂದು ಸಲ ತೊಳೆಯಿರಿ

ಪ್ರಶ್ನೆ: ಪೀಕ್ (ಪಾಲಿಈಥರ್ ಈಥರ್ ಕೀಟೋನ್) ಪಾಲಿಮರನ್ನು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿ ಸಲ್ಫೋನೇಟ್ ಮಾಡಿದೆ, ಅಂದರೆ ಅದಕ್ಕೆ ಸಲ್ಫೋನಿಕ್ ಆಸಿಡ್ ಗುಂಪು ಕೂರಿಸಿದೆ ಸಾರ್. ಟೈಟ್ರೇಷನ್‌ನಲ್ಲಿ ಐಇಸಿ (ಅಯಾನ್ ವಿನಿಮಯ ಸಾಮರ್ಥ್ಯ, ಒಂದು ಗ್ರಾಂನಲ್ಲಿ ಎಷ್ಟು ಆಸಿಡ್ ಗುಂಪು ಇವೆ ಎಂಬ ಲೆಕ್ಕ) ಗ್ರಾಂಗೆ 3.2 ಮಿಲಿ ಈಕ್ವಿವಲೆಂಟ್ ಬಂತು. ಫ್ಯೂಯಲ್ ಸೆಲ್‌ಗೆ ಬಳಸುವ ನಾಫಿಯಾನ್ 117 ಪೊರೆಯದ್ದು ಬರೀ 0.91. ಪೇಪರ್ ಬರೆಯಬಹುದಾ?

ಬೇಡ. ವರ್ಷಕ್ಕೆ ನಾಲ್ಕೈದು ಜನ ಇದನ್ನೇ ಕೇಳುತ್ತಾರೆ, ಒಬ್ಬರೂ ಲೆಕ್ಕ ಹಾಕಿ ನೋಡಿರುವುದಿಲ್ಲ. ಪೀಕ್ ಸರಪಳಿಯಲ್ಲಿ ಮರುಕಳಿಸುವ ಒಂದು ಘಟಕದ ತೂಕ 288. ಈ ಆಸಿಡ್‌ನಲ್ಲಿ ಘಟಕಕ್ಕೆ ಒಂದೇ ಸಲ್ಫೋನಿಕ್ ಗುಂಪು ಕೂರುತ್ತದೆ, ಎರಡು ಈಥರ್‌ಗಳ ನಡುವಿನ ರಿಂಗಿನ ಮೇಲೆ. ಆಗ ತೂಕ 368. 1000ವನ್ನು 368ರಿಂದ ಭಾಗಿಸಿ: 2.7. ಅಷ್ಟೇ, ಅದಕ್ಕಿಂತ ಮೇಲೆ ಹೋಗಲ್ಲ. ಸಾಲದ್ದಕ್ಕೆ, 2.7ರ ಹತ್ತಿರ ಹೋದ ಪಾಲಿಮರ್ ಬಿಸಿನೀರಿನಲ್ಲಿ ಕರಗಿಯೇ ಹೋಗುತ್ತದೆ. ನಿಮ್ಮ ಫಿಲ್ಮ್ ಗಟ್ಟಿಯಾಗಿ ಕೂತಿದೆ ಅಲ್ವಾ?

ಹಾಗಾದರೆ ನೀವು ಅಳೆದದ್ದು ತೊಳೆಯದೆ ಉಳಿದ ಆಸಿಡ್ಡನ್ನು. ಆಸಿಡ್‌ನಲ್ಲಿ ಕರಗಿದ ಪಾಲಿಮರನ್ನು ಐಸ್ ನೀರಿಗೆ ಸುರಿಯುವಾಗ ಎಳೆ ಶಾವಿಗೆಯಷ್ಟು ಸಣ್ಣಗೆ ಬೀಳಬೇಕು. ಅವಸರಕ್ಕೆ ಸುರಿದರೆ ಚಕ್ಕುಲಿಯಷ್ಟು ದಪ್ಪ ಬೀಳುತ್ತದೆ, ಮೇಲೆ ತೊಗಲು ಕಟ್ಟಿ ಒಳಗೆ ಆಸಿಡ್ ಕೂರುತ್ತದೆ. ಪಿಎಚ್ ಪೇಪರ್ ತೊಳೆದ ನೀರನ್ನಷ್ಟೇ ನೋಡುತ್ತದೆ, ಎಳೆಯ ಹೊಟ್ಟೆಯೊಳಗನ್ನಲ್ಲ. ಎಳೆಗಳನ್ನು ಕತ್ತರಿಸಿ, ರಾತ್ರಿಯಿಡೀ ಹೊಸ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಆ ನೀರಿಗೆ ಎರಡು ಹನಿ ಬೇರಿಯಂ ಕ್ಲೋರೈಡ್ ಹಾಕಿ. ಬೆಳ್ಳಗಾದರೆ ಇನ್ನೂ ತೊಳೆಯಬೇಕು. (ಬೇರಿಯಂ ವಿಷ, ಸಿಂಕಿಗೆ ಸುರಿಯಬೇಡಿ.)

ಟೈಟ್ರೇಷನ್ ಹೇಗೆ ಅಂತ ನಾನು ಹೇಳುವುದಿಲ್ಲ. ತೂಕ ಮಾತ್ರ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿಯೇ ನೋಡಿ. ಈ ಪಾಲಿಮರ್ ಗಾಳಿಯಿಂದಲೇ ನೀರು ಎಳೆಯುತ್ತದೆ. ಆಸಿಡ್ ಉಳಿದರೆ ಅಂಕಿ ಏರುತ್ತದೆ, ನೀರು ಉಳಿದರೆ ಇಳಿಯುತ್ತದೆ. ಎರಡು ತಪ್ಪೂ ಸೇರಿ ಚೆಂದಕ್ಕೆ 1.8 ಬಂದದ್ದನ್ನೂ ನೋಡಿದ್ದೇನೆ. ಆ ತಪ್ಪು ನನ್ನದೇ, ಹಿಡಿಯಲು ಎರಡು ತಿಂಗಳು ಬೇಕಾಯಿತು.

ಪ್ರಶ್ನೆ: ಡಿಎಂಎಫ್ ದ್ರಾವಕದಲ್ಲಿ ಕರಗಿಸಿ ಫಿಲ್ಮ್ ಕಾಸ್ಟ್ ಮಾಡಿದ ಮೇಲೆ ಐಇಸಿ ಇಳಿಯಿತು, ಯಾಕೆ?

ಬಿಸಿಗೆ ಡಿಎಂಎಫ್ ಒಡೆದು ಡೈಮೀಥೈಲ್‌ಅಮೀನ್ ಬಿಡುತ್ತದೆ, ಅದು ನಿಮ್ಮ ಆಸಿಡ್ ಗುಂಪಿಗೇ ಅಂಟಿಕೊಳ್ಳುತ್ತದೆ. ಫಿಲ್ಮನ್ನು ದುರ್ಬಲ ಆಸಿಡ್‌ನಲ್ಲಿ ನೆನೆಸಿ, ಮತ್ತೆ ತೊಳೆಯಿರಿ.

ಪ್ರಶ್ನೆ: ನನ್ನ ಫಿಲ್ಮ್‌ನ ಪ್ರೋಟಾನ್ ವಾಹಕತೆ ಸೆಂಟಿಮೀಟರಿಗೆ 0.1 ಸೀಮೆನ್ಸ್. ಒಳ್ಳೆಯದಾ?

ಎಷ್ಟು ತೇವಾಂಶ, ಎಷ್ಟು ಡಿಗ್ರಿ? ಅದಿಲ್ಲದೆ ಕೇಳಬೇಡಿ.

ಪ್ರಶ್ನೆ: ಈ ಪೊರೆ ಹಾಕಿ ನೀರಿನಿಂದಲೇ ಬೈಕ್ ಓಡಿಸುವ ಕಿಟ್ ಮಾರುತ್ತಿದ್ದಾರೆ, ತಗೊಳ್ಳಲಾ?

ನೀರನ್ನು ಒಡೆಯಲು ಹಾಕಿದಷ್ಟು ಶಕ್ತಿ ವಾಪಸ್ ಬರಲ್ಲ. ಮಾರುವವನಿಗೆ ಆ ಕಿಟ್‌ನಲ್ಲೇ ಅವನ ಬೈಕ್ ಓಡಿಸಿಕೊಂಡು ಬರಲು ಹೇಳಿ.

ಪ್ರಶ್ನೆ: ಕ್ಲೋರೋಸಲ್ಫೋನಿಕ್ ಆಸಿಡ್ ತರಿಸಿದ್ದೇನೆ. ಮನೆಯ ಟೆರೇಸ್ ಮೇಲೆ ಸಲ್ಫೋನೇಟ್ ಮಾಡಬಹುದಾ?

ಬಾಟಲಿ ತೆರೆಯಬೇಡಿ. ಫ್ಯೂಮ್‌ಹುಡ್ ಇರುವ ಲ್ಯಾಬಿಗೆ ಫೋನ್ ಮಾಡಿ, ಅವರೇ ಬಂದು ಒಯ್ಯಲಿ. ಒಂದು ಹನಿ ನೀರು ತಾಗಿದರೂ ಸಿಡಿಯುತ್ತದೆ.