ಗಿರಣಗಾಂವ್ ಬದಲಾಯಿತು, ಕಾರ್ಮಿಕರಿಗೆ ಏನು ಸಿಕ್ಕಿತು?

ಮುಂಬೈನ ಹಳೆಯ ಬಟ್ಟೆ ಮಿಲ್ ಪ್ರದೇಶವಾದ ಗಿರಣಗಾಂವ್ ಈಗ ಥಳಥಳ ಹೊಳೆಯುತ್ತಿದೆ, ಇದು ಒಳ್ಳೆಯದೇ ಅಲ್ವಾ ಎಂದು ಕೇಳಿದ್ದೀರಿ. ನನಗೆ ಹಾಗೆ ಅನಿಸುವುದಿಲ್ಲ.

1982ರ ಮಿಲ್ ಕಾರ್ಮಿಕರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ಎಷ್ಟೋ ಮಂದಿ ವಾಪಸ್ ಹೋಗಲೇ ಇಲ್ಲ. ಆದರೆ ಜಾಸ್ತಿ ನೋವಾಗುವುದು ಆಮೇಲಿನ ಕಥೆ. ಮಿಲ್ ಜಮೀನಿನಲ್ಲಿ ಹೊಸದಾಗಿ ಕಟ್ಟುವುದಾದರೆ ಅದರ ಮೂರನೇ ಒಂದು ಭಾಗ ಬಯಲು ಜಾಗಕ್ಕೆ, ಇನ್ನೊಂದು ಸರ್ಕಾರಿ ವಸತಿಗೆ, ಉಳಿದದ್ದು ಮಾಲೀಕರಿಗೆ ಎಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿ ಬಂದ ಮೇಲೆ ಕಟ್ಟಡಗಳಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಪಾಲು. ಮಿಲ್ ಅಂದರೆ ತುಂಬಾ ಶೆಡ್‌ಗಳೇ ತಾನೇ? ಹಾಗಾಗಿ ಊರಿಗೆ ಸಿಕ್ಕಿದ್ದು ಚೂರುಪಾರು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಲೋವರ್ ಪರೇಲ್‌ಗೆ ಹೋದರೆ ಮಾಲ್ ಪಕ್ಕದಲ್ಲಿ ನಿಂತಿರುವ ಹಳೆಯ ಮಿಲ್ ಚಿಮಣಿಯನ್ನು ತಪ್ಪದೆ ನೋಡಿ.