ಜೀವವೇ ಇಲ್ಲದ್ದು ರೋಗ ತರುವುದು ಹೇಗೆ?

ವೈರಸ್, ಪ್ರಿಯಾನ್‌ಗಳಿಗೆ ಜೀವ ಇಲ್ಲ ಅಂತಾರೆ, ಹಾಗಿದ್ದರೆ ಅವು ರೋಗ ತರುವುದು ಹೇಗೆ, ಪ್ರೋಟೀನ್, ಕೊಬ್ಬು, ನ್ಯೂಕ್ಲಿಕ್ ಆಮ್ಲ ಅಂತ ಓದುವ ಅಣುಗಳಿಗೂ ಇವಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ನಾನು ಜೀವಶಾಸ್ತ್ರ ಪಾಠ ಮಾಡುವವನು. ಈ ಗೊಂದಲ ನಿಮ್ಮೊಬ್ಬರದಲ್ಲ. ನಾವು ಜೈವಿಕ ಅಣುಗಳನ್ನು ಒಂದು ಅಧ್ಯಾಯದಲ್ಲಿ ಮುಗಿಸಿ, ವೈರಸ್ಸನ್ನು ಇನ್ನೆಲ್ಲೋ ಶುರು ಮಾಡುತ್ತೇವೆ. ಎರಡೂ ಒಂದೇ ಕತೆ ಅಂತ ಹೇಳುವುದನ್ನೇ ಮರೆಯುತ್ತೇವೆ.

ವೈರಸ್, ಪ್ರಿಯಾನ್‌ಗಳು ಆಗಿರುವುದೇ ಆ ಅಣುಗಳಿಂದ. ನಮ್ಮ ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಅದೇ ಅಮೈನೋ ಆಮ್ಲಗಳು, ನ್ಯೂಕ್ಲಿಕ್ ಆಮ್ಲ ಕಟ್ಟುವ ಅದೇ ನ್ಯೂಕ್ಲಿಯೋಟೈಡ್‌ಗಳು. ಬೇರೆ ಲೋಕದ ವಸ್ತು ಏನೂ ಇಲ್ಲ. ಜೀವಕೋಶ ಮೋಸ ಹೋಗುವುದೂ ಅದಕ್ಕೇ.

ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ನೋಡಿ. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ರೋಗ ಹಿಡಿದ ಎಲೆಗಳ ರಸ ತೆಗೆದು, ಅದನ್ನು ಶುದ್ಧ ಮಾಡುತ್ತಾ ಹೋಗಿ, ಕೊನೆಗೆ ಸೂಜಿಯಂಥ ಹರಳುಗಳನ್ನು ಪಡೆದರು. ಉಪ್ಪು ಹರಳುಗಟ್ಟುತ್ತದಲ್ಲ, ಹಾಗೆ. ಸೀಸೆಯಲ್ಲಿಟ್ಟರೆ ಸುಮ್ನೆ ಕೂತಿರುತ್ತದೆ. ತಿನ್ನುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ. ಅದನ್ನೇ ಕರಗಿಸಿ ಚೆನ್ನಾಗಿರುವ ಎಲೆಗೆ ತಿಕ್ಕಿದರೆ ಮತ್ತೆ ರೋಗ! ಅದು ಬರೀ ಪ್ರೋಟೀನ್ ಅಂದುಕೊಂಡಿದ್ದರು ಸ್ಟ್ಯಾನ್ಲಿ. 1936ರಲ್ಲಿ ಬಾಡೆನ್ ಮತ್ತು ಪಿರಿ ಅದರಲ್ಲಿ ಆರ್‌ಎನ್‌ಎ ಎಂಬ ನ್ಯೂಕ್ಲಿಕ್ ಆಮ್ಲ ಕೂಡ ಸ್ವಲ್ಪ ಇದೆ ಅಂತ ತೋರಿಸಿದರು. ತೂಕದಲ್ಲಿ ನೂರಕ್ಕೆ 5ರಷ್ಟು, ಅಷ್ಟೇ. ಆದರೆ ಗುಟ್ಟೆಲ್ಲ ಇದ್ದದ್ದು ಆ ಐದರಲ್ಲೇ.

ಈ ವೈರಸ್ ಒಂದು ಕಡ್ಡಿ. ನಡುವೆ ಸುಮಾರು 6,400 ಅಕ್ಷರ (ಅಂದರೆ ನ್ಯೂಕ್ಲಿಯೋಟೈಡ್) ಉದ್ದದ ಆರ್‌ಎನ್‌ಎ ಸುರುಳಿ. ಸುತ್ತ ಒಂದೇ ಪ್ರೋಟೀನಿನ ಸುಮಾರು 2,130 ಪ್ರತಿಗಳು, ಒಂದರ ಪಕ್ಕ ಒಂದು. 1955ರಲ್ಲಿ ಫ್ರಾಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ಇವೆರಡನ್ನೂ ಬೇರೆ ಮಾಡಿ ಮತ್ತೆ ಬೆರೆಸಿದರು. ಕಡ್ಡಿಗಳು ತಾವೇ ಜೋಡಣೆಯಾದವು, ಎಲೆಗೆ ರೋಗವೂ ತಂದವು. ಬಿಚ್ಚಿಟ್ಟು ಮತ್ತೆ ಕೂಡಿಸಿದರೆ ಕೆಲಸ ಮಾಡುವುದಕ್ಕೆ ಜೀವ ಅನ್ನಬೇಕಾ? ನನಗಂತೂ ಆ ಚರ್ಚೆಯಲ್ಲಿ ಜಾಸ್ತಿ ಆಸಕ್ತಿಯಿಲ್ಲ. ಮರುವರ್ಷ ಬರೀ ಆರ್‌ಎನ್‌ಎ ತಿಕ್ಕಿದರೂ ರೋಗ ಬರುತ್ತದೆ ಅಂತ ಗೊತ್ತಾಯಿತು. ಪ್ರೋಟೀನ್ ಅದಕ್ಕೆ ಅಂಗಿ ಇದ್ದ ಹಾಗೆ.

ಇದು ಸಾಧ್ಯವಾಗುವುದು ರೈಬೋಸೋಮ್‌ನಿಂದ. ಜೀವಕೋಶದ ಒಳಗೆ ಪ್ರೋಟೀನ್ ಹೆಣೆಯುವ ಯಂತ್ರ ಅದು. ಕೈಗೆ ಬಂದ ಆರ್‌ಎನ್‌ಎ ಓದುತ್ತದೆ, ಅದರಲ್ಲಿರುವ ಹಾಗೆ ಹೆಣೆಯುತ್ತದೆ. ಯಾರು ಬರೆದದ್ದು ಅಂತ ಕೇಳುವುದಿಲ್ಲ.

ಉಳಿದ ಅಣುಗಳಿಗೂ ಇಲ್ಲಿ ಕೆಲಸವಿದೆ. ಫ್ಲೂ ವೈರಸ್ ನಮ್ಮ ಕೋಶಕ್ಕೆ ಅಂಟಿಕೊಳ್ಳುವುದು ಕೋಶದ ಮೈಮೇಲಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯನ್ನು ಹಿಡಿದು. ಹೊರಬರುವಾಗ ನಮ್ಮ ಕೋಶದ ಕೊಬ್ಬಿನ ಪೊರೆಯನ್ನೇ ಹೊದ್ದು ಬರುತ್ತದೆ. ಸೋಪು ಅದನ್ನು ಹಾಳು ಮಾಡುವುದು ಈ ಕೊಬ್ಬನ್ನು ಕರಗಿಸಿ. ನೋರೋವೈರಸ್‌ಗೆ ಆ ಹೊದಿಕೆಯೇ ಇಲ್ಲ. ಅದಕ್ಕೇ ಆಲ್ಕೋಹಾಲ್ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಕೈ ತೊಳೆದು ಅದನ್ನು ನೀರಿನ ಜೊತೆ ಹರಿಸಿಬಿಡುವುದೇ ಒಳ್ಳೆಯದು.

ಅಂಗಿಯೇ ಇಲ್ಲದವೂ ಇವೆ. 1971ರಲ್ಲಿ ಥಿಯೋಡರ್ ಡೀನರ್ ಆಲೂಗಡ್ಡೆ ಗಿಡದಲ್ಲಿ ವೈರಾಯ್ಡ್ ಕಂಡುಹಿಡಿದರು. 359 ಅಕ್ಷರಗಳ ಆರ್‌ಎನ್‌ಎ ಉಂಗುರ, ಅಷ್ಟೇ. ಒಂದು ಪ್ರೋಟೀನಿಗೂ ಅದರಲ್ಲಿ ಸೂಚನೆಯಿಲ್ಲ. ಆದರೂ ಗೆಡ್ಡೆ ಸೊಟ್ಟಗಾಗುತ್ತದೆ.

ಪ್ರಿಯಾನ್ ಇದರ ತಿರುಗುಮುರುಗು. ಬರೀ ಪ್ರೋಟೀನ್, ಆರ್‌ಎನ್‌ಎ, ಡಿಎನ್‌ಎ ಎರಡೂ ಬೇಕಿಲ್ಲ. 1982ರಲ್ಲಿ ಸ್ಟ್ಯಾನ್ಲಿ ಪ್ರೂಸಿನರ್ ಈ ಹೆಸರಿಟ್ಟಾಗ ತುಂಬ ಜನ ನಂಬಲಿಲ್ಲ. 1997ರಲ್ಲಿ ಅದಕ್ಕೇ ನೊಬೆಲ್ ಬಂತು. ವಿದ್ಯಾರ್ಥಿಗಳು ಇಲ್ಲಿ ಸರಿಯಾಗಿಯೇ ಹಿಡಿಯುತ್ತಾರೆ: "ಸರ್, ಪ್ರೋಟೀನ್ ತನ್ನ ನಕಲು ತಾನೇ ಮಾಡಲ್ಲ ಅಲ್ವಾ?" ಮಾಡುವುದಿಲ್ಲ. ಮಾಡುವ ಅಗತ್ಯವೂ ಅದಕ್ಕಿಲ್ಲ. ನಮ್ಮ ನರಕೋಶಗಳ ಮೇಲೆ ಪಿಆರ್‌ಪಿ ಅನ್ನುವ ಪ್ರೋಟೀನ್ ಮೊದಲೇ ಇದೆ. ಪ್ರಿಯಾನ್ ಅಂದರೆ ಅದೇ ಪ್ರೋಟೀನ್, ಅಮೈನೋ ಆಮ್ಲಗಳ ಸಾಲೂ ಅದೇ, ಆ ಸಾಲು ಮಡಿಸಿಕೊಂಡಿರುವ ಆಕಾರ ಮಾತ್ರ ಬೇರೆ. ಸುರುಳಿಯಾಗಿ ಇರಬೇಕಾದ ಭಾಗಗಳು ಚಪ್ಪಟೆ ಪಟ್ಟಿಗಳಾಗಿರುತ್ತವೆ. ಕೆಟ್ಟದ್ದು ಒಳ್ಳೆಯದಕ್ಕೆ ತಾಗಿದರೆ ಅದನ್ನೂ ತನ್ನ ಹಾಗೆ ಮಡಿಸುತ್ತದೆ. ಹೀಗೆ ಒಂದಕ್ಕೊಂದು ಸೇರಿ ಗಂಟುಕಟ್ಟಿ, ವರ್ಷಗಳ ಮೇಲೆ ಮಿದುಳು ಸ್ಪಂಜಿನ ಹಾಗೆ ತೂತುತೂತಾಗುತ್ತದೆ. ಕುರಿಗಳ ಸ್ಕ್ರೇಪಿ, ಹಸುಗಳ ಹುಚ್ಚು ರೋಗ, ಪಾಪುವಾ ನ್ಯೂಗಿನಿಯ ಫೋರೆ ಜನರನ್ನು ಕಾಡಿದ ಕುರು ಎಲ್ಲ ಇದೇ. ದೇಹಕ್ಕೆ ಜ್ವರವೂ ಬರುವುದಿಲ್ಲ. ತನ್ನದೇ ಪ್ರೋಟೀನ್ ಮೇಲೆ ಅದು ಯಾಕೆ ಯುದ್ಧಕ್ಕೆ ಹೋಗಬೇಕು? ನ್ಯೂಕ್ಲಿಕ್ ಆಮ್ಲವನ್ನು ಹಾಳುಮಾಡುವ ಅತಿನೇರಳೆ ಕಿರಣಕ್ಕೂ ಪ್ರಿಯಾನ್ ಸುಲಭಕ್ಕೆ ಜಗ್ಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ.

ಹಾಗಾದರೆ ಕೆಡಿಸಲು ಪಿಆರ್‌ಪಿಯೇ ಸಿಗದಿದ್ದರೆ? 1993ರಲ್ಲಿ ಜ್ಯೂರಿಕ್‌ನ ಚಾರ್ಲ್ಸ್ ವೈಸ್‌ಮನ್ ತಂಡ ಪಿಆರ್‌ಪಿ ಮಾಡುವ ವಂಶವಾಹಿಯನ್ನೇ ತೆಗೆದ ಇಲಿಗಳ ಮಿದುಳಿಗೆ ಸ್ಕ್ರೇಪಿ ಪ್ರಿಯಾನ್ ಚುಚ್ಚಿತು. ಮಾಮೂಲಿ ಇಲಿಗಳೆಲ್ಲ ಕೆಲವೇ ತಿಂಗಳಲ್ಲಿ ಸತ್ತವು. ಪಿಆರ್‌ಪಿ ಇಲ್ಲದ ಇಲಿಗಳಿಗೆ ಏನೂ ಆಗಲಿಲ್ಲ.