ಏರಿಯ ಬುಡದಲ್ಲಿ ಜಿನುಗುವ ನೀರು

ಪ್ರಶ್ನೆ: ನಮ್ಮೂರ ಕೆರೆಯ ಮಣ್ಣಿನ ಏರಿ ಅಜ್ಜಂದಿರ ಕಾಲಕ್ಕಿಂತಲೂ ಹಳೆಯದು. ಕುಡಿಯುವ ನೀರಿನ ಕೊಳವೆಬಾವಿಗಳಿಗೂ ತೆಂಗು, ಅಡಕೆ ತೋಟಗಳಿಗೂ ಅದೇ ಆಧಾರ. ಕೆರೆ ತುಂಬಿದಾಗ ಏರಿಯ ಹಿಂಬದಿಯ ಬುಡದಲ್ಲಿ ನೀರು ಜಿನುಗುತ್ತಿದೆ. ಏರಿಯ ಮೇಲಿನ ಮರಗಳನ್ನು ಕಡಿಸಬೇಕೆಂದು ಕೆಲವರೂ, ಕೋಡಿಗೆ ಮರಳಿನ ಚೀಲ ಜೋಡಿಸಿ ಇನ್ನೊಂದು ಅಡಿ ನೀರು ನಿಲ್ಲಿಸಬೇಕೆಂದು ಕೆಲವರೂ ಹೇಳುತ್ತಿದ್ದಾರೆ. ಏನು ಮಾಡುವುದು?
– ಓದುಗರೊಬ್ಬರು, ಕಡೂರು ತಾಲ್ಲೂಕು

ಉತ್ತರ: ಮಣ್ಣಿನ ಏರಿ ಅಲ್ಪಸ್ವಲ್ಪ ಜಿನುಗುವುದು ಸಹಜ. ಈಗಿನ ಕಾಲದಲ್ಲಿ ಕಟ್ಟುವ ಮಣ್ಣಿನ ಅಣೆಕಟ್ಟುಗಳಲ್ಲಿಯೂ ಒಸರನ್ನು ಪೂರ್ತಿ ನಿಲ್ಲಿಸುವುದಿಲ್ಲ. ಮಣ್ಣು ಕದಲದಂತೆ, ಮರಳು ಮತ್ತು ಜಲ್ಲಿಯ ಪದರದ ಮೂಲಕ ನೀರನ್ನಷ್ಟೇ ಹೊರಗೆ ಬಿಡುವ ಏರ್ಪಾಟು ಮಾಡಿರುತ್ತಾರೆ. ಹಳೆಯ ಕೆರೆಗಳಿಗೆ ಈ ಅನುಕೂಲವಿಲ್ಲವಾದ್ದರಿಂದ ನೀವು ಮೊದಲು ನೋಡಬೇಕಾದದ್ದು ಜಿನುಗುವ ನೀರಿನ ಬಣ್ಣವನ್ನು. ಒಂದು ಗಾಜಿನ ಲೋಟದಲ್ಲಿ ಅದನ್ನು ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ನುಣ್ಣನೆಯ ಮಣ್ಣು ಕೂತರೆ ಏರಿಯ ಒಳಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ತಿಳಿಯಬೇಕು. ನೀರು ಹೊರಬೀಳುವ ಕಡೆಯಿಂದ ಆರಂಭವಾಗುವ ಈ ಕೊರೆತ ಕೆರೆಯತ್ತ ಹಿಂದೆ ಹಿಂದೆ ಸಾಗಿ, ಕೊನೆಗೆ ಒಳಗೊಂದು ಕೊಳವೆಯನ್ನೇ ಮಾಡಿಬಿಡುತ್ತದೆ. ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ 1976ರ ಜೂನ್ 5ರ ಬೆಳಗ್ಗೆ ಕಂಡ ಕೆಸರು ನೀರು ಮಧ್ಯಾಹ್ನದ ಹೊತ್ತಿಗೆ ಕಟ್ಟೆಯನ್ನೇ ಒಡೆದಿತ್ತು, ಅದೂ ಹೊಸದಾಗಿ ಕಟ್ಟಿ ಮೊದಲ ಬಾರಿಗೆ ತುಂಬಿಸುತ್ತಿದ್ದ ಕಟ್ಟೆ.

ನೀರು ತಿಳಿಯಾಗಿದ್ದರೂ ಕೆರೆಯ ಮಟ್ಟ ಏರದೆ ಒಸರು ಮಾತ್ರ ಹೆಚ್ಚುತ್ತಿದ್ದರೆ ಅದೂ ಅಪಾಯದ ಸೂಚನೆಯೇ. ತೋಟ, ಗದ್ದೆಗಳಿಗೆ ನೀರು ಬಿಡುವ ತೂಬಿನ ಕಲ್ಲಿಗೂ ಮಣ್ಣಿಗೂ ನಡುವೆ ಸಂದು ಬೀಳುವುದರಿಂದ ಆ ಜಾಗವನ್ನು ವಿಶೇಷವಾಗಿ ಗಮನಿಸಿ. ಆದರೆ ಹಿಂಬದಿಯಿಂದ ಜೇಡಿಮಣ್ಣು ಮೆತ್ತಿ ಒಸರನ್ನು ಮುಚ್ಚಬೇಡಿ. ಒಳಗೆ ಒತ್ತಡ ಹೆಚ್ಚಿ ನೀರು ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆ.

ಎಳೆಯ ಗಿಡಗಳನ್ನು ಈಗಲೇ ಕೀಳಿಸಿ. ಬಲಿತ ಮರಗಳನ್ನು ಕಡಿದು ಬೇರನ್ನು ಹಾಗೆಯೇ ಬಿಟ್ಟರೆ, ಬೇರು ಕೊಳೆತ ಜಾಗವೆಲ್ಲ ನೀರಿಗೆ ದಾರಿಯಾಗುವುದರಿಂದ ಆ ಕೆಲಸವನ್ನು ಎಂಜಿನಿಯರ್ ಹೇಳಿದಂತೆಯೇ ಮಾಡಬೇಕು. ಹೂಳೆತ್ತುವಾಗಲೂ ಏರಿಯ ಬುಡಕ್ಕೆ ಅಂಟಿದ ಹೂಳನ್ನು ಕೆದಕಬಾರದು, ಎಷ್ಟೋ ಕೆರೆಗಳಲ್ಲಿ ನೀರನ್ನು ತಡೆದಿರುವುದೇ ಆ ಮೆತ್ತೆ.

ಕೋಡಿಯ ವಿಚಾರದಲ್ಲಿ ನನಗೆ ಎರಡು ಮಾತಿಲ್ಲ: ಮರಳಿನ ಚೀಲ ಬೇಡವೇ ಬೇಡ. ಒಂದು ರಾತ್ರಿಯ ಜಡಿಮಳೆಗೆ ನೀರು ಏರಿಯನ್ನು ಹತ್ತಿ ಹರಿದರೆ ಮಣ್ಣು ಕೆಲವೇ ಗಂಟೆ ತಡೆದೀತು. ಕೋಡಿ ಬಿದ್ದ ನೀರು ವ್ಯರ್ಥವೂ ಅಲ್ಲ. ನಿಮ್ಮದೇ ತಾಲ್ಲೂಕಿನ ಸಖರಾಯಪಟ್ಟಣದ ಬಳಿ, ಹೊಯ್ಸಳರ ಕಾಲದಲ್ಲಿಯೇ ಜೀರ್ಣೋದ್ಧಾರಗೊಂಡ ಅಯ್ಯನಕೆರೆಯನ್ನು ನೋಡಿ. ಅದರ ನೀರು ವೇದಾ ಹಳ್ಳವಾಗಿ ಹರಿದು, ಅವತಿಯನ್ನು ಕೂಡಿ ವೇದಾವತಿಯಾಗಿ, ವಾಣಿವಿಲಾಸ ಸಾಗರದವರೆಗೂ ಹೋಗುತ್ತದೆ.

ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರು ಹಾಯುವ ಜಮೀನು, 40 ಹೆಕ್ಟೇರ್ ಮೀರಿದ್ದರೆ ಸಣ್ಣ ನೀರಾವರಿ ಇಲಾಖೆಗೆ, ಅದರೊಳಗಿದ್ದರೆ ಪಂಚಾಯತಿಗೆ ಲಿಖಿತವಾಗಿ ತಿಳಿಸಿ, ದಿನಾಂಕ ಹಾಕಿದ ಫೋಟೊಗಳನ್ನೂ ಜೊತೆಗಿಡಿ. ಕೆಸರು ನೀರು ಕಂಡರೆ ಅರ್ಜಿಗೆ ಕಾಯದೆ, ಏರಿಯ ಕೆಳಗಿನ ಮನೆಗಳವರನ್ನು ಮೊದಲು ಎಬ್ಬಿಸಿ ದೂರ ಕಳುಹಿಸಿ, ತಾಲ್ಲೂಕು ಕಚೇರಿಗೆ ಕೂಡಲೇ ಫೋನ್ ಮಾಡಿ.